ಹೆಸರಿನೊಳಗಿನ ಹಾವು

ಕಲ್ಲುಗಣಿಗೆ ಹೋದವರು ಮರಳಿ ಬಂದ ದಿನ ಊರೆಲ್ಲ ನದಿಯ ದಡದಲ್ಲಿತ್ತು. ಪ್ರಭು ನಖ್ತಿ ಬದುಕಿರುವಾಗಲೇ ತನಗಾಗಿ ಮಾಡಿಸುತ್ತಿದ್ದ ಶವಪೆಟ್ಟಿಗೆಗೆಂದು ತಂದ ಕರಿಗಲ್ಲು ದೋಣಿಯ ನಡುವೆ ಕೂತಿತ್ತು; ಅದಕ್ಕೆ ತಾವರೆಯ ಸರ ಬೇರೆ ಹಾಕಿದ್ದರು. ಶಿಲ್ಪಿ ಅಂಕು, ಹೆಂಡತಿ ದೆದೆತ್, ಇಬ್ಬರೂ ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡುತ್ತ ನಿಂತರು. ಮಗನ ಮುಖ ಬರಲಿಲ್ಲ. ಕೊನೆಗೆ ಇಳಿದ ಮೇಸ್ತ್ರಿ ತಲೆ ತಗ್ಗಿಸಿಕೊಂಡೇ ಬಂದ.

"ಕಲ್ಲು ಜಾರಿಬಿಡ್ತು, ಅಂಕಣ್ಣ. ಅಲ್ಲೇ ಮರಳಲ್ಲಿ ಹೂತು ಬಂದ್ವಿ. ಹೊತ್ಕೊಂಡು ಬರೋಣ ಅಂದ್ರೆ ಕತ್ತೆಗಳೂ ಸತ್ತುಹೋಗಿದ್ವು."

"ಕಲ್ಲನ್ನ ಮಾತ್ರ ಹೊತ್ಕೊಂಡು ಬಂದ್ರಲ್ಲಪ್ಪ," ಎಂದಳು ದೆದೆತ್. ಆಮೇಲೆ ಬಗ್ಗಿ ದಡದ ಮಣ್ಣನ್ನು ಬೊಗಸೆಯಲ್ಲಿ ತೆಗೆದು ತಲೆಯ ಮೇಲೆ ಸುರಿದುಕೊಂಡಳು.

ಮಗನ ಹೆಸರು ರೆನೆಫ್‌ಸೆನೆಬ್. 'ಅವನ ಹೆಸರು ಕ್ಷೇಮವಾಗಿರಲಿ' ಎಂದು ಅದರ ಅರ್ಥ. ಹುಟ್ಟಿದಾಗ ಕೂಸು ಉಳಿಯುವ ಹಾಗಿರಲಿಲ್ಲ, ಹೆಸರಾದರೂ ಉಳಿಯಲೆಂದು ಅಂಕುವೇ ಇಟ್ಟಿದ್ದ. ಸತ್ತವನ ದೇಹ ಕೆಡದೆ ಇರಬೇಕು, ಇಲ್ಲವೆ ಹೆಸರು ಎಲ್ಲಾದರೂ ಕಲ್ಲಿನಲ್ಲಿ ನಿಂತಿರಬೇಕು. ಎರಡೂ ಇಲ್ಲದವನಿಗೆ ಆಚೆಯ ಲೋಕದಲ್ಲಿ ಅನ್ನವೂ ಇಲ್ಲ, ಉಸಿರೂ ಇಲ್ಲ. ದೇಹ ಇಷ್ಟು ಹೊತ್ತಿಗೆ ನರಿಗಳ ಪಾಲಾಗಿರಬೇಕು. ಇನ್ನು ಹೆಸರು. ಅಂಕುವಿನ ಕೈಯಲ್ಲಿ ಉಳಿ ಇತ್ತು, ಕಲ್ಲೆಲ್ಲ ಪ್ರಭುವಿನದು.

ಅವನು ಪ್ರಭುವಿನ ಮನೆವಾರ್ತೆ ನೋಡಿಕೊಳ್ಳುವ ಹಪುವಿನ ಬಳಿಗೆ ಹೋಗಿ, ಮಗನ ಹೆಸರಿಗೊಂದು ಕಲ್ಲು ಬೇಕೆಂದು ಕೈಮುಗಿದು ನಿಂತ. ಹಪು ಅಂಜೂರ ತಿನ್ನುತ್ತಿದ್ದ.

"ಗೋರಿಯ ಒಳಕೋಣೆ ಗೋಡೇಲಿ ಊಟ ಹೊತ್ತು ತರೋ ಆಳುಗಳನ್ನ ಕೆತ್ತುತಾ ಇದೀಯಲ್ಲ, ಅದರಲ್ಲಿ ಒಬ್ಬನಿಗೆ ನಿನ್ನ ಮಗನ ಹೆಸರು ಹಾಕ್ಕೋ," ಎಂದ. "ಪ್ರಭುಗಳ ಎಂಜಲಲ್ಲೇ ಹೊಟ್ಟೆ ತುಂಬುತ್ತೆ ಕಣಯ್ಯ. ನಮ್ಮಪ್ಪನಿಗೂ ಸಿಗದ ಭಾಗ್ಯ."

ಅಂಕು ಮನೆಗೆ ಬಂದು ಇದನ್ನು ದೆದೆತ್‌ಗೆ ಹೇಳಿದ.

"ಅವರ ಕಲ್ಲು ಹೊತ್ತೇ ಸತ್ತ. ಸತ್ತ ಮೇಲೂ ಅವರಿಗೇ ಹೊರಬೇಕಾ?"

"ಹೆಸರು ಉಳಿಯುತ್ತೆ ಕಣೆ."

"ಹಾಗಾದ್ರೆ ಕೆತ್ತಿ. ಮೂಗು ಮಾತ್ರ ನಿಮ್ಮದು ಹಾಕಬೇಡಿ. ಅವನದು ನಮ್ಮಪ್ಪನ ಮೂಗು."

ಅಂಕು ಕೆತ್ತಿದ. ಎದೆಗೆ ಬಾತುಕೋಳಿಯನ್ನು ಅವಚಿಕೊಂಡು ನಡೆಯುವ ಹುಡುಗ, ಮಾವನ ಮೂಗು. ತಲೆಯ ಮೇಲೆ ಹೆಸರು. ಚಿತ್ರಗಳೇ ಅಕ್ಷರಗಳಾದ ಅವರ ಬರಹದಲ್ಲಿ, ಆ ಹೆಸರಿನ 'ಅವನ' ಎನ್ನುವ ಅಕ್ಷರ ಕೊಂಬುಗಳಿರುವ ಒಂದು ಹಾವು. ಶವಪೆಟ್ಟಿಗೆ ಇಡುವ ಕೋಣೆಯಲ್ಲಿ ಬರಹದ ಹಾವುಗಳನ್ನು ಇಡಿಯಾಗಿ ಬಿಡುವಂತಿಲ್ಲ. ಅವು ಜೀವ ತಳೆದು ಸತ್ತ ಒಡೆಯನನ್ನು ಕಚ್ಚುತ್ತವೆಂದು ಕತ್ತಿನ ಬಳಿ ಎರಡು ತುಂಡು ಮಾಡುವುದು ವಾಡಿಕೆ. ಅಂಕು ಜೀವಮಾನದಲ್ಲಿ ಎಷ್ಟೋ ಹಾವು ತುಂಡರಿಸಿದ್ದ. ಇದೊಂದಕ್ಕೆ ಕೈ ಬರಲಿಲ್ಲ.

ಹಪು ದೀಪ ಹಿಡಿದು ಗೋಡೆ ನೋಡಲು ಬಂದ.

"ಇದೊಂದು ಹಾವನ್ನ ಬದುಕಿಸಿಟ್ಟಿದೀಯಲ್ಲ?"

"ಅದು ನನ್ನ ಮಗನ ಹೆಸರಲ್ಲಿರೋದು, ಒಡೆಯಾ."

"ಕಚ್ಚೋವಾಗ ಹಾವು ಯಾರ ಮನೇದು ಅಂತ ಕೇಳ್ತಾರೇನಯ್ಯ? ಕುಯ್ದು ಹಾಕು."

"ಅದನ್ನ ಕುಯ್ದರೆ ಹೆಸರಿಗೇ ಗಾಯ. ಅವನ ಹೆಸರು ಕ್ಷೇಮ ಅಂತ ಓದೋದಾದ್ರೂ ಹೇಗೆ?"

"ಓದೋರು ಓದ್ಕೋತಾರೆ. ಬೇಡ ಅಂದ್ರೆ ಹೆಸರೇ ತೆಗೆದುಬಿಡು, ನನಗೇನು. ನಾಳೆ ಪ್ರಭುಗಳು ನೋಡೋಕೆ ಬರ್ತಾರೆ."

ಹಪು ಹೋದ ಮೇಲೆ ಅಂಕು ಹಾವಿನ ಕತ್ತಿಗೆ ಉಳಿ ಇಟ್ಟ. ಒಂದು ಏಟು ಸಾಕಿತ್ತು. ಮಗನ ಮೇಲೆ ಕಲ್ಲು ಬಿದ್ದಾಗ ತಾನು ಹತ್ತಿರವಿರಲಿಲ್ಲ; ಈಗ ಹತ್ತಿರವಿದ್ದು, ತನ್ನ ಕೈಯಿಂದಲೇ, ಆ ಕಲ್ಲು ತರಿಸಿದವನ ಸುಖನಿದ್ರೆಗಾಗಿ ಇನ್ನೊಂದು ಏಟು. ಅವನು ಉಳಿಯನ್ನು ತೆಗೆದು ಹೆಸರಿನ ಮೊದಲ ಅಕ್ಷರಕ್ಕೆ ಇಟ್ಟ. ಅಲ್ಲಿಂದ ಕೊನೆಯವರೆಗೆ ಹೆರೆದು, ಉಜ್ಜುಗಲ್ಲಿನಿಂದ ಉಜ್ಜಿದ. ಬಾತುಕೋಳಿ ಹೊತ್ತವನು ಯಾರೂ ಅಲ್ಲದವನಾಗಿ ಉಳಿದ.

ಮರುದಿನ ಹಪು ಗೋಡೆ ಸವರಿ ನೋಡಿ, "ಒಳ್ಳೇ ಕೆಲಸ, ಗುರುತೇ ಸಿಗೋದಿಲ್ಲ," ಎಂದು ಹೊಗಳಿದ.

ಅಂಕು ಮನೆಗೆ ಬಂದಾಗ ದೆದೆತ್ ಬಾಗಿಲಲ್ಲಿದ್ದಳು. ಗಂಡನ ಕೈಯ ಮೇಲಿನ ಕಲ್ಲುಪುಡಿ ನೋಡಿದಳು; ಒಳಗೆ ಹೋಗಿ ಒಂದು ರೊಟ್ಟಿ, ಒಂದು ಕುಡಿಕೆ ಹೆಂಡ ತಂದಳು. ಇಬ್ಬರೂ ಹೊಲಗಳನ್ನು ದಾಟಿ ಮಗನನ್ನು ಹೂತಿದ್ದ ಮೂಡಣದ ಮರಳುಗಾಡು ಶುರುವಾಗುವಲ್ಲಿಗೆ ನಡೆದರು. ಅವಳು ರೊಟ್ಟಿಯನ್ನು ಮರಳಿನ ಮೇಲಿಟ್ಟಳು.

"ನೀವೇ ಹೇಳಿ," ಎಂದಳು. "ಹೆಸರು ಪೂರ್ತಿ ಹೇಳಿ."

ಆ ಪ್ರಾರ್ಥನೆಯನ್ನು ಅಂಕು ಎಷ್ಟೋ ಜನರ ಗೋರಿಗಳಲ್ಲಿ ಕೆತ್ತಿದ್ದ. ಬಾಯಿಬಿಟ್ಟು ತನ್ನವರಿಗಾಗಿ ಹೇಳಿದ್ದು ಅಂದೇ ಮೊದಲು.

"ಪಡುವಣ ಸೇರಿದ ಸತ್ತವರ ಒಡೆಯ ಒಸಿರಿಸನೇ, ಅಂಕುವಿನ ಮಗ, ದೆದೆತ್ ಹೆತ್ತ ರೆನೆಫ್‌ಸೆನೆಬನಿಗೆ ರೊಟ್ಟಿ ಸಾವಿರ, ಹೆಂಡ ಸಾವಿರ, ಎತ್ತು ಸಾವಿರ, ಬಾತು ಸಾವಿರ ಕೊಡು. ಅವನು ಯಾರಿಗೂ ಹೊರದೆ ಕೂತು ಉಣ್ಣಲಿ. ಬಡಗಣ ಗಾಳಿ ಅವನ ಮೂಗಿಗೆ ತಂಪಾಗಿ ಬೀಸಲಿ. ಮರಳು ಅವನ ಎದೆಯ ಮೇಲೆ ಹಗುರವಾಗಿರಲಿ. ಅವನು ಶಾಂತಿಯಿಂದಿರಲಿ, ಅವನ ಹೆಸರು ಕ್ಷೇಮವಾಗಿರಲಿ."