ಒಂದು ಸಲ ಬಡಿದರೆ ಹೌದು

ಮೂರನೇ ಸಲವೂ ಅವಳು ಸೆಟ್ಟಿಂಗ್ಸ್ ತೆರೆಯಲು ಡಿಲೀಟ್ ಕೀ ಒತ್ತುವಷ್ಟರಲ್ಲಿ ಕಂಪ್ಯೂಟರು ಅವಳನ್ನು ದಾಟಿ ಮುಂದೆ ಹೋಗಿಬಿಟ್ಟಿತ್ತು. ಆರಿಸಿ ಮತ್ತೆ ಹಚ್ಚಿದಳು. ದಂತವೈದ್ಯರಿಗೆ ಹಲ್ಲಿನ ಸೆಟ್ಟು ಕಟ್ಟಿಕೊಡುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮೇಣ ಕರಗಿಸಿ ಮೊದಲಿಂದ ಕೂರಿಸುವ ತಾಳ್ಮೆಯವಳು. ಆ ತಾಳ್ಮೆ ಈ ಭಾನುವಾರ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ತಳ ಕಂಡಿತ್ತು.

ನಾಲ್ಕಕ್ಕೆ ಆಟ. ದೂರದ ಊರಿನಲ್ಲಿದ್ದ ಅಣ್ಣನೂ ಅವಳೂ ಪ್ರತಿ ಭಾನುವಾರ ಆನ್‌ಲೈನ್ ಆಟವೊಂದರಲ್ಲಿ ಸೇರಿ ಕೋಟೆ ಕಾಯುತ್ತಿದ್ದರು. ಗಂಟಲಿನ ಆಪರೇಷನ್‌ನಲ್ಲಿ ದನಿಪೆಟ್ಟಿಗೆ ತೆಗೆದ ಮೇಲೆ ಅಣ್ಣ ಎಂಟು ತಿಂಗಳಿಂದ ಯಾರ ಫೋನೂ ಎತ್ತಿರಲಿಲ್ಲ, ಯಾರನ್ನೂ ಮನೆಗೆ ಬರಗೊಟ್ಟಿರಲಿಲ್ಲ. ಮೆಸೇಜು ಹಾಕಿದರೆ ಅತ್ತಿಗೆಯ ಉತ್ತರ ಬರುತ್ತಿತ್ತು. ಆಟದೊಳಗೆ ಮಾತ್ರ ಅವನು ಹಳೆಯ ಬಾಯಿಬಡುಕನೇ. ಶತ್ರುಗಳು ಗೋಡೆ ಹತ್ತುತ್ತಿದ್ದರೂ ಟೈಪು ಮಾಡಿ ತಂಗಿಯ ಕಾಲೆಳೆಯುತ್ತಿದ್ದ.

ಆ ಆಟ ಬೆಳಿಗ್ಗೆ ಅಪ್‌ಡೇಟ್ ಆಗಿ, ಸೆಕ್ಯೂರ್ ಬೂಟ್ ಎಂಬ ಒಳಗಾವಲು ಚಾಲೂ ಇಲ್ಲದ ಕಂಪ್ಯೂಟರಿಗೆ ಪ್ರವೇಶವಿಲ್ಲ ಎಂದು ಹಟ ಹಿಡಿದಿತ್ತು. ಮೋಸಗಾರರನ್ನು ತಡೆಯುವುದಕ್ಕಂತೆ.

"ಐವತ್ತಾರು ವರ್ಷದವಳು ನಾನು ಮೋಸ ಮಾಡ್ತೀನಾ" ಎಂದು ಗೊಣಗುತ್ತ ಅವಳು ಕೀ ಕುಟ್ಟಿದಳು. ಈ ಸಲ ಸೆಟ್ಟಿಂಗ್ಸಿನ ನೀಲಿ ಪರದೆ ತೆರೆಯಿತು. ಸೆಕ್ಯೂರ್ ಬೂಟ್ ಹುಡುಕಿ ಚಾಲೂ ಮಾಡಹೋದರೆ, ಮೊದಲು ಹಳೆಯ ಮೋಡ್ ಆಫ್ ಮಾಡು ಎಂದಿತು. ಮಾಡಿದಳು. ಕಂಪ್ಯೂಟರು ಒಮ್ಮೆ ಕಣ್ಣುಮುಚ್ಚಿ ತೆರೆದು, ಕಪ್ಪು ಪರದೆಯ ಮೇಲೆ ಒಂದೇ ಸಾಲು ಬರೆಯಿತು: ಡಿಸ್ಕ್ ಸಿಗಲಿಲ್ಲ.

ಸಿಟ್ಟು ನೆತ್ತಿಗೇರಿತು. ಈ ಡಬ್ಬ ಜೋಡಿಸಿಕೊಟ್ಟವನೇ ಅಣ್ಣ. ಹಿಂದುಮುಂದು ನೋಡದೆ ಅವನಿಗೆ ಫೋನು ಹಚ್ಚಿದಳು. ಎತ್ತುವುದಿಲ್ಲವೆಂದು ಗೊತ್ತಿತ್ತು. ಎತ್ತಿದ.

ಆ ಕಡೆ ಬರೀ ಉಸಿರು. ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಆಮೇಲೆ ಸಿಟ್ಟೇ ಕೈಹಿಡಿಯಿತು.

"ಎಂಥ ಕಂಪ್ಯೂಟರ್ ಮಾಡಿಕೊಟ್ಟಿದ್ದೀಯೋ ಮಾರಾಯ? ಡಿಸ್ಕೇ ಸಿಗಲ್ಲ ಅಂತಿದೆ. ಕೇಳಿಸ್ತಾ?"

ಟಕ್. ಉಗುರಿನಿಂದ ಫೋನಿನ ಬೆನ್ನಿಗೆ ಬಡಿದ ಸದ್ದು.

"ಸರಿ. ಹೌದಾದ್ರೆ ಒಂದು ಸಲ ಬಡಿ, ಇಲ್ಲಾಂದ್ರೆ ಎರಡು. ಹಳೇ ಮೋಡ್ ವಾಪಸ್ ಹಾಕ್ಲಾ?"

ಟಕ್.

ಹಾಕಿದಳು. ಕಂಪ್ಯೂಟರು ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು. ಆಟ ಮಾತ್ರ ಮತ್ತದೇ ಸೆಕ್ಯೂರ್ ಬೂಟಿನ ರಾಗ ತೆಗೆಯಿತು.

"ಡಿಸ್ಕಿನ ಜೋಡಣೆನೇ ಹಳೇದು, ಅದಕ್ಕೇನಾ?"

ಟಕ್.

"ಅದನ್ನ ನಾನೇ ಬದಲಾಯಿಸ್ಬಹುದಾ?"

ಟಕ್, ಟಕ್. ಯೋಚನೆಯೇ ಇಲ್ಲದೆ, ಥಟ್ಟನೆ.

"ಅಷ್ಟೊಂದು ದಡ್ಡಿನಾ ನಾನು?"

ಟಕ್.

ಅವಳಿಗೆ ನಗು ಬಂತು. ಗಡಿಯಾರದಲ್ಲಿ ನಾಲ್ಕೂಕಾಲು.

"ಹಾಗಾದ್ರೆ ಮುಂದಿನ ಭಾನುವಾರ ಇದನ್ನ ಹೊತ್ಕೊಂಡು ನಿಮ್ಮನೆಗೇ ಬರ್ಲಾ? ನೀನೇ ಸರಿಮಾಡು."

ಆ ಕಡೆಯ ಉಸಿರು ನಿಂತಂತಾಯಿತು. ಎಲ್ಲೋ ನೀರು ಸುರಿಯುವ ಸದ್ದು, ಅತ್ತಿಗೆ ಪಾತ್ರೆ ತೊಳೆಯುತ್ತಿರಬೇಕು.

ಟಕ್. ಸ್ವಲ್ಪ ತಡೆದು, ಇನ್ನೊಂದು ಟಕ್.

"ಆಯ್ತು ಬಿಡು" ಎಂದಳು. ಸಿಟ್ಟು ಮಾಡಿಕೊಳ್ಳಲೂ ಶಕ್ತಿ ಉಳಿದಿರಲಿಲ್ಲ. ಅರ್ಧ ದಿನ ಒದ್ದಾಡಿದರೂ ಆಟವೂ ಇಲ್ಲ, ಅಣ್ಣನೂ ಇಲ್ಲ. "ಫೋನ್ ಇಡ್ಲಾ?"

ಟಕ್, ಟಕ್.

ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಕುರ್ಚಿಯನ್ನು ಕಿಟಕಿಯತ್ತ ಎಳೆದುಕೊಂಡು, ಎದುರುಮನೆಯವರು ಒಣಹಾಕಿದ್ದ ಬೆಡ್‌ಶೀಟು ಗಾಳಿ ತುಂಬಿಕೊಂಡು ಉಬ್ಬುವುದನ್ನೂ ಇಳಿಯುವುದನ್ನೂ ನೋಡುತ್ತ ಕೂತಳು.