ಇಲಿವಾರದ ಕಡುಬು

ಹೊನ್ನಾಳಿ ಹೊರಗಿನ ಸಂಶೋಧನಾ ಕೇಂದ್ರದಲ್ಲಿ ಉಷಾರಾಣಿ ಎರಡು ವರ್ಷದಿಂದ ಕಾಯುತ್ತಿದ್ದುದು ಇಲಿಗಳು ಮುದಿಯಾಗಲೆಂದು. ನಗಬೇಡಿ, ಅವಳ ಪಿಎಚ್‌ಡಿ ನಿಂತಿದ್ದೇ ಅದರ ಮೇಲೆ. ಅರ್ಧ ಇಲಿಗಳಿಗೆ ಹುಟ್ಟಿನಿಂದಲೇ ಒಂದು ಜೀನ್ ಇರಲಿಲ್ಲ. ಎಳೆಯದರಲ್ಲಿ ಅವೂ ಉಳಿದವುಗಳಂತೆ ಗಟ್ಟಿಮುಟ್ಟು. ವಯಸ್ಸಾದಂತೆ ಮಾತ್ರ ಅವುಗಳ ರಕ್ತದಲ್ಲಿ ರೋಗ ತಡೆಯುವ ಕಣಗಳು ಇಳಿಯುತ್ತಾ ಬಂದಿದ್ದವು. ಆ ಕಣಗಳ ಕೊನೆಯ ಎಣಿಕೆ ಗಣೇಶನ ಹಬ್ಬ ಕಳೆದ ಮೇಲೆ ಎಂದು ನಿಗದಿಯಾಗಿತ್ತು.

ಪಂಜರ ತೊಳೆಯಲು ಜಗಳೂರಿನಿಂದ ದುರುಗಕ್ಕನನ್ನು ಕರೆಸಿ, ಗುತ್ತಿಗೆದಾರನಿಗೆ ಹೇಳಿ ಸೇರಿಸಿದವಳೂ ಉಷಾರಾಣಿಯೇ. ದುರುಗಕ್ಕ ಅವಳ ಹೆತ್ತ ತಾಯಿ. ರವಿಕೆ ಹೊಲಿದು ಹೊಲಿದು ಮಗಳನ್ನು ಓದಿಸಿ, ಕಣ್ಣು ಮಂಜು ಮಾಡಿಕೊಂಡವಳು.

"ಒಳಗೆ ನಂಗೆ ಮೇಡಂ ಅನ್ನಬೇಕವ್ವ. ತಾಯಿ ಅಂತ ಯಾರಿಗೂ ಹೇಳಬ್ಯಾಡ" ಎಂದಿದ್ದಳು ಮಗಳು, ಮೊದಲ ದಿನವೇ.

"ಆಗ್ಲಿ ಬಿಡು, ಅದ್ರಾಗೇನೈತೆ" ಎಂದಿತ್ತು ಆ ಹೆಂಗರುಳು. ಓದಿದ ಮಕ್ಕಳಿಗೆ ಮೊದಲು ಬರುವ ವಿದ್ಯೆ ನಾಚಿಕೆ.

ಹಬ್ಬ ಮುಗಿಯಿತು. ಎಣಿಕೆಗೆ ಕೂತರೆ, ಜೀನ್ ಇಲ್ಲದ ಮುದಿ ಇಲಿಗಳು ರೋಮ ನಿಮಿರಿಸಿಕೊಂಡು ಮುದುಡಿ ಬಿದ್ದಿದ್ದವು. ಕೆಲವು ಸತ್ತೇ ಹೋಗಿದ್ದವು. ಪಂಜರದ ಮೂಲೆಯಲ್ಲಿ ಒಣಗಿದ ಹಿಟ್ಟಿನ ಚೂರು ಕಂಡು ಉಷಾರಾಣಿ ದುರುಗಕ್ಕನನ್ನು ಕರೆದು ಕೇಳಿದಳು.

"ಹಬ್ಬದ ಮರುದಿನ ಇಲಿವಾರ ಅಲ್ಲೇನೆ?" ಎಂದಳು ದುರುಗಕ್ಕ, ಮೆಲ್ಲಗೆ. "ಹೊಲಿಯಾಕೆ ಕೊಟ್ಟ ಬಟ್ಟೆ ಕಡೀಬಾರ್ದು ಅಂತ ವರ್ಸಾ ವರ್ಸಾ ಇಲಿಗೆ ಎಡೆ ಇಡ್ತಿದ್ನಲ್ಲ. ನಿನ್ ಡಾಕ್ಟರ್ ಪದವಿ ಇವುಗಳ ಕೈಯಾಗೆ ಐತೆ. ಅದಕ್ಕೇ ಕೈಮುಗ್ದು ಎಲ್ಲವಕ್ಕೂ ಕಡುಬು ಹಾಕ್ದೆ. ಬಡವಾಗಿದ್ದವಕ್ಕೆ ಚೂರು ಜಾಸ್ತಿನೇ ಹಾಕ್ದೆ."

ಹೊರಗಿನ ಒಂದು ಅಗುಳೂ ಒಳಗೆ ಬರಬಾರದೆಂಬ ನಿಯಮ ಸುಮ್ಮನೆ ಇರಲಿಲ್ಲ. ಗಟ್ಟಿ ಇಲಿಗಳು ಕಡುಬಿನ ಜೊತೆ ಬಂದ ಸೋಂಕನ್ನು ಅರಗಿಸಿಕೊಂಡಿದ್ದವು, ಜೀನ್ ಇಲ್ಲದವಕ್ಕೆ ಆಗಲಿಲ್ಲ. ಈಗ ಕಣಗಳು ಇಳಿದದ್ದು ಜೀನ್ ಇಲ್ಲದ್ದಕ್ಕೋ ಸೋಂಕಿಗೋ, ಯಾರೂ ಹೇಳುವಂತಿರಲಿಲ್ಲ. ಎರಡು ವರ್ಷ ನೀರಲ್ಲಿ ಹೋಮ.

ಗೈಡ್ ರಂಗನಾಥ್ ಬಂದವರೇ ಸತ್ತ ಇಲಿಗಳನ್ನೂ ದುರುಗಕ್ಕನನ್ನೂ ನೋಡಿದರು. "ಯಾರ್ರೀ ಈಯಮ್ಮನ್ನ ಸೇರಿಸ್ದೋರು? ನಿಮ್ಮ ಕಡೆಯೋರಾ ಉಷಾರಾಣಿ? ಹಂಗಾದ್ರೆ ನೀವೂ ಹೊರಡ್ರಿ."

ಉಷಾರಾಣಿ ತಾಯಿಯ ಕಡೆ ನೋಡಲಿಲ್ಲ.

"ಅಲ್ಲ ಸಾರ್. ಯಾರೋ ಗೊತ್ತಿಲ್ಲ."

"ಹೌದ್ರೀ ಸಾಹೇಬ್ರೆ" ಎಂದಳು ದುರುಗಕ್ಕ. "ಮೇಡಂದೇನೂ ತಪ್ಪಿಲ್ಲ. ನಾನೇ ತಿಳಿಗೇಡಿ." ಕೇಂದ್ರದವರು ಕೊಟ್ಟಿದ್ದ ನೀಲಿ ಅಂಗಿ ಬಿಚ್ಚಿ, ಹೊಲಿಗೆಗೆ ಹೊಲಿಗೆ ಕೂಡಿಸಿ ಮಡಚಿ, ಮೇಜಿನ ಮೇಲಿಟ್ಟು ಹೊರಟಳು.

ಉಷಾರಾಣಿಯ ಸೀಟು ಉಳಿಯಿತು. ಹೊಸ ಇಲಿಮರಿ ತಂದು ಮೊದಲಿಂದ ಶುರು ಮಾಡಿ ಎಂದರು ಸಾರ್. ಅವರು ಅತ್ತ ಹೋದದ್ದೇ ತಡ, ಅವಳು ಗೇಟು ದಾಟಿ ಓಡಿದಳು. ದುರುಗಕ್ಕ ದಾವಣಗೆರೆ ಬಸ್ಸಿಗೆ ಕೈ ಅಡ್ಡ ಹಿಡಿದಿದ್ದಳು.

"ಅವ್ವಾ, ನಿಂತ್ಕೋ."

ದುರುಗಕ್ಕ ಮೆಟ್ಟಿಲ ಮೇಲೆ ಕಾಲಿಟ್ಟು, ತಿರುಗಿ ನೋಡದೆ ಹೇಳಿದಳು:

"ಇನ್ನೂ ಒಳಗೇ ಅದೀವಿ ಅಂದ್ಕೊಳ್ರಿ, ಮೇಡಂ."