ಗಿರಾಕಿಯ ಸ್ಟೂಲು

"ಏಳೇ ಕಪ್ಪೆ! ಹೊತ್ತು ಸಿಕ್ಕಿದಾಗೆಲ್ಲ ಕುಕ್ಕರಗಾಲಲ್ಲಿ ಕೂತು ಯಾರಿಗೆ ನಾಟಕ ತೋರಿಸ್ತೀಯ?"

ಬಟ್ಟೆ ಅಂಗಡಿಯ ಮಾಲೀಕ ಗುಡುಗಿದ. ಕೆಳಗಿನ ಹಲಗೆಯ ಟವೆಲ್ ಮಡಿಸುವ ನೆಪದಲ್ಲಿ ಕೂತಿದ್ದ ಹುಡುಗಿ ಕಪಾಟು ಹಿಡಿದು ಎದ್ದಳು. ಸೀರೆ ಕೌಂಟರಿನಲ್ಲಿದ್ದ ಅವಳ ಚಿಕ್ಕಮ್ಮ ಕೈಲಿದ್ದ ಸೀರೆ ಬಿಟ್ಟು ತಿರುಗಿದಳು. ಅಕ್ಕನ ಮಗಳನ್ನು ಕೆಲಸಕ್ಕೆ ಸೇರಿಸಿದವಳು ಅವಳೇ. ಹುಡುಗಿ ಮನೆಯಿಂದ ತಂದ ಪುಟ್ಟ ಸ್ಟೂಲನ್ನು ಬೆಳಿಗ್ಗೆ ಅಟ್ಟಕ್ಕೆ ಎಸೆದವಳೂ ಅವಳೇ. ಈ ಅಂಗಡಿಯಲ್ಲಿ ಕೂರುವ ಹಕ್ಕು ಗಿರಾಕಿಗೆ ಮಾತ್ರ.

"ಆಗಾಗ ಕೂರಬೇಕು ಅಂತ ಡಾಕ್ಟರು ಹೇಳಿದಾರೆ ಸ್ವಾಮಿ," ಚಿಕ್ಕಮ್ಮ ಅಂದಳು. " ನಿಂತರೆ ರಕ್ತ ಕಾಲಲ್ಲೇ ಉಳಿಯುತ್ತಂತೆ, ತಲೆಗೆ ಏರಿಸೋಕೆ ಎದೆ ಕುದುರೆ ಥರ ಓಡುತ್ತಂತೆ. ಇವಳ ಹಾಗೆ ಸದ್ದು, ಬೆಳಕು ತಡೆಯದ, ಹುಟ್ಟಿನಿಂದಲೇ ಬೇರೆ ಥರ ಇರೋ ಮಕ್ಕಳಲ್ಲಿ ಇದು ಜಾಸ್ತಿಯಂತೆ."

"ನಮ್ಮವ್ವ ತಲೆ ಮೇಲೆ ಬಟ್ಟೆ ಗಂಟು ಹೊತ್ತು ಬೀದಿ ಬೀದಿ ಮಾರಿದವಳು. ಅವಳ ಎದೆ ಓಡಲಿಲ್ಲವಾ? ಇವಳು ಕೂತರೆ ನಾಳೆ ಎಲ್ಲರೂ ಕೂರ್ತಾರೆ. ನಾನು ಅಂಗಡಿ ಇಟ್ಟಿದೀನೋ, ಆಸ್ಪತ್ರೆ ಇಟ್ಟಿದೀನೋ?"

ಮಾತು ಸುಳ್ಳಲ್ಲ. ಚಿಕ್ಕಮ್ಮನೂ ಹಾಗೇ ನಿಂತು ನಿಂತು ಕಾಲಿನ ನರ ಗಂಟುಕಟ್ಟಿಸಿಕೊಂಡವಳು.

ಹುಡುಗಿ ಕಿವಿ ಮುಚ್ಚಿಕೊಂಡಳು. "ಚಿಕ್ಕಮ್ಮಾ, ಟ್ಯೂಬ್‌ಲೈಟು ಕೂಗ್ತಿದೆ."

"ಕೇಳಿದ್ರೇನ್ರೋ? ಲೈಟು ಕೂಗುತ್ತಂತೆ!"

ಕೆಲಸದವರೆಲ್ಲ ನಕ್ಕರು. ಚಿಕ್ಕಮ್ಮನಿಗೂ ಅಭ್ಯಾಸಬಲದಿಂದ ನಗು ಬಂತು. ಅಷ್ಟರಲ್ಲಿ ಹುಡುಗಿಯ ತುಟಿ ಸುಣ್ಣದಂತೆ ಬಿಳುಚಿತು. ಚಿಕ್ಕಮ್ಮ ಓಡಿಹೋಗಿ ಅವಳ ಮಣಿಕಟ್ಟು ಹಿಡಿದಳು. ನಾಡಿ ಬೆರಳಿಗೆ ರಭಸದಿಂದ ಬಡಿಯುತ್ತಿತ್ತು. ಗಿರಾಕಿಯ ಸ್ಟೂಲು ಎಳೆದು ಕೂರಿಸಿದಳು.

"ಅದು ಗಿರಾಕಿಯದು! ಎಬ್ಬಿಸು. ಇಲ್ಲಾಂದ್ರೆ ನೀನೂ ನಡಿ."

ಚಿಕ್ಕಮ್ಮ ನಾಡಿ ಹಿಡಿದೇ ಕಾದಳು. ಬಡಿತ ಇಳಿಯಿತು. ಕೊರಳಲ್ಲಿದ್ದ ಅಳತೆ ಟೇಪು ತೆಗೆದು ಕೌಂಟರಿನ ಮೇಲಿಟ್ಟಳು.

"ಏಳ್ತೀಯಾ ಕಂದಾ? ನಿಧಾನಕ್ಕೆ."

"ಏ, ಸಿಟ್ಟಲ್ಲಿ ಹೇಳಿದೆ ಕಣಮ್ಮಾ! ಸೀರೆ ಯಾರು ತೋರಿಸ್ತಾರೆ?" ಮಾಲೀಕ ಅವರ ಹಿಂದೆಯೇ ಬಾಗಿಲವರೆಗೂ ಬಂದ.

ಹೊರಗಿನ ಮೆಟ್ಟಿಲ ಮೇಲೆ ಹುಡುಗಿ ಮತ್ತೆ ಕೂತಳು. ಚಿಕ್ಕಮ್ಮ ಸುತ್ತ ನೋಡಿದಳು, ಸೆರಗು ಸರಿಮಾಡಿಕೊಂಡಳು, ಅವಳ ಪಕ್ಕದಲ್ಲೇ ಕೂತಳು. ಗಿರಾಕಿಗಳು ಇಬ್ಬರನ್ನೂ ದಾಟಿಕೊಂಡು ಮೇಲೆ ಹತ್ತಿದರು.

ಸುಸ್ತು ಕಳೆದ ಮೇಲೆ ಇಬ್ಬರೂ ಎದ್ದು ನಡೆದರು. ಆ ಮೆಟ್ಟಿಲನ್ನು ಅವರು ಮತ್ತೆ ಹತ್ತಲಿಲ್ಲ.